ಸಹಿ ಎಂದರೆ ಹಿಂಜರಿಯುವ ತುಮಕೂರಿನ ಹಿರಿಯರಿಗೆ ಒಂದು ಬಹಿರಂಗ ಪತ್ರ

ತುಮಕೂರು ನಗರದ ಮೇಷ್ಟ್ರುಗಳು, ಲೆಕ್ಚರರುಗಳು, ಬ್ಯಾಂಕಿನವರು, ಪೋಸ್ಟಾಫೀಸಿನವರು, ವಕೀಲರು, ನರ್ಸುಗಳು, ಎಂಜಿನಿಯರುಗಳು ಮತ್ತು ಈ ಕೆಲಸಗಳಿಂದ ನಿವೃತ್ತರಾಗಿ ಮನೆಯಲ್ಲಿರುವ ಎಲ್ಲರಿಗೂ,

ನಮಸ್ಕಾರ.

ಡಿ.ಸಿ. ಆಫೀಸಿನ ಆಸುಪಾಸಿನಲ್ಲಿ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಎಂದು ಬೋರ್ಡು ತಗುಲಿಸಿಕೊಂಡಿರುವ ಅಂಗಡಿಗಳಲ್ಲಿ ನನ್ನದೂ ಒಂದು. ಪಹಣಿಯಿಂದ ಹಿಡಿದು ಪಾಸ್‌ಪೋರ್ಟಿನ ತನಕ ಊರಿನವರ ಅರ್ಜಿ ತುಂಬಿಕೊಡುವುದು ನನ್ನ ಕಸುಬು. ನಿಮ್ಮಲ್ಲಿ ಎಷ್ಟೋ ಜನರ ಪೆನ್ಷನ್ ಪೇಪರುಗಳು ನನ್ನ ಪ್ರಿಂಟರಿನಿಂದಲೇ ಹೊರಬಿದ್ದಿವೆ. ಆ ಸಲಿಗೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಬೀದಿಯಲ್ಲೇ ಬೆಳೆದು, ಇಂಗ್ಲೆಂಡಿಗೆ ಹೋಗಿ, ಈಗ ವಾಪಸು ಬಂದಿರುವ ಹೆಣ್ಣುಮಗಳೊಬ್ಬಳು ತನ್ನ ಮಗುವಿನ ಬ್ರಿಟಿಷ್ ಪಾಸ್‌ಪೋರ್ಟಿನ ಅರ್ಜಿ ಹಿಡಿದು 'ಸಾರ್, ಇಲ್ಲೊಂದು ಸಹಿ ಬೇಕಿತ್ತು' ಎಂದು ನಿಮ್ಮ ಮನೆಗೆ ಬಂದರೆ, ದಯವಿಟ್ಟು ಕೂರಿಸಿ ಫಾರಂ ಓದಿ. ಈ ತಾಯಿಯನ್ನು ಬಲ್ಲೆ, ಫೋಟೋದಲ್ಲಿರುವುದು ಇದೇ ಮಗು ಎಂದು ಹೇಳುವ ಸಹಿ ಅದು. ಓದಿದ ಮೇಲೂ ಬೇಡ ಅನ್ನಿಸಿದರೆ ಬೇಡ ಎನ್ನಿ, ಅದು ನಿಮ್ಮ ಹಕ್ಕು. ಓದುವ ಮೊದಲೇ ಕೈಮುಗಿದು, ಕಾಫಿ ಕೊಟ್ಟು, ಮುಂದಿನ ವಾರ ನೋಡೋಣ ಎಂದು ಕಳಿಸಬೇಡಿ. ಹಾಗೆ ಕಳಿಸಿದವರು ಸೀದಾ ನನ್ನ ಅಂಗಡಿಗೆ ಬಂದು, 'ಅಣ್ಣಾ, ನೀವೇ ಯಾರನ್ನಾದರೂ ಹುಡುಕಿಕೊಡಿ' ಎನ್ನುತ್ತಾರೆ. ಅರ್ಜಿ ತುಂಬಬಲ್ಲೆ, ಸಹಿ ಹಾಕುವವರನ್ನು ಬಾಡಿಗೆಗೆ ತರಲಾರೆ.

ತುಮಕೂರಿನಲ್ಲಿ ಕೂತು ಬ್ರಿಟನ್ನಿನ ಪಾಸ್‌ಪೋರ್ಟ್ ಯಾಕಪ್ಪಾ ಎಂದು ಕೇಳುವವರಿದ್ದೀರಿ. ಕಂಪ್ಯೂಟರ್ ಕೆಲಸಕ್ಕೋ ಆಸ್ಪತ್ರೆ ಕೆಲಸಕ್ಕೋ ಹೋದ ನಮ್ಮ ಮಕ್ಕಳು ಅಲ್ಲಿ ಕೆಲವು ವರ್ಷ ಕಳೆದು ಕಾಯಂ ನೆಲೆಸುವ ಪರವಾನಗಿ ಪಡೆಯುತ್ತಾರೆ. ಆಮೇಲೆ ಅಲ್ಲಿ ಮಗು ಹುಟ್ಟಿದರೆ ಅದು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. 1983ರ ಜನವರಿ 1ರಿಂದ ಜಾರಿಯಲ್ಲಿರುವ ಅವರ ಪೌರತ್ವ ಕಾಯ್ದೆಯ ಪ್ರಕಾರ ಆ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವವಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಾದರೂ ಅಲ್ಲಿನ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು. ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ. ಹಾಗಾಗಿ ಅಜ್ಜಿ ತಾತನ ಮನೆಗೆ ಬಂದ ಮಗು ಒಸಿಐ ಕಾರ್ಡಿನ, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡಿನ, ಮೇಲೆ ಇಲ್ಲಿರುತ್ತದೆ. ಮಕ್ಕಳ ಬ್ರಿಟಿಷ್ ಪಾಸ್‌ಪೋರ್ಟಿಗೆ ಆಯಸ್ಸು 5 ವರ್ಷ. ಹೊಸದು ಬಂದಾಗಲೆಲ್ಲ, 20 ವರ್ಷ ತುಂಬುವ ತನಕ, ಅದರ ಪ್ರತಿಯನ್ನೂ ಈಚಿನ ಫೋಟೋವನ್ನೂ ಒಸಿಐ ಪೋರ್ಟಲಿಗೆ ಏರಿಸಬೇಕು. ಪಾಸ್‌ಪೋರ್ಟ್ ಮುಗಿದರೆ ಮುಂದಿನದೆಲ್ಲ ನಿಲ್ಲುತ್ತದೆ. ಮಗುವಿನ ವಯಸ್ಸು 11 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ನವೀಕರಣಕ್ಕೂ ಹೊರಗಿನವರೊಬ್ಬರ ಸಹಿ ಬೇಕು. ಆರು ತಿಂಗಳ ಕೂಸಿನ ಫೋಟೋ ಇರುವ ಪುಸ್ತಕ ತೋರಿಸಿ, ಇದೇ ಹುಡುಗ ಅದು ಎಂದರೆ ಯಾರು ನಂಬುತ್ತಾರೆ? ದೊಡ್ಡವರಿಗೂ ಮೊದಲ ಪಾಸ್‌ಪೋರ್ಟ್ ಮಾಡಿಸುವಾಗ, ಇದ್ದದ್ದನ್ನು ಕಳೆದುಕೊಂಡಾಗ, ಗುರುತು ಸಿಗದಷ್ಟು ಮುಖ ಬದಲಾದಾಗ ಇದೇ ಕಟ್ಟಳೆ.

ಸಹಿ ಹಾಕುವವರು ಹೇಗಿರಬೇಕು ಎಂಬುದನ್ನು ಬ್ರಿಟನ್ನಿನ ಪಾಸ್‌ಪೋರ್ಟ್ ಕಚೇರಿಯವರು ಬಿಡಿಸಿ ಹೇಳಿದ್ದಾರೆ. ಅವರು ಒಪ್ಪುವ ಕೆಲಸಗಳದೊಂದು ಪಟ್ಟಿಯಿದೆ, ಮೇಲೆ ನಾನು ಹೆಸರಿಸಿದ ನಿಮ್ಮ ಕೆಲಸಗಳು ಅದರಲ್ಲಿವೆ. ಅರ್ಜಿದಾರರನ್ನು ಕನಿಷ್ಠ 2 ವರ್ಷದಿಂದ ಬಲ್ಲವರಾಗಿರಬೇಕು. 16ರೊಳಗಿನ ಮಗುವಾದರೆ ಫಾರಮ್ಮಿಗೆ ಸಹಿ ಮಾಡಿದ ತಾಯಿಯನ್ನೋ ತಂದೆಯನ್ನೋ ಅಷ್ಟು ಕಾಲ ಬಲ್ಲವರಾಗಿರಬೇಕು. ಬಲ್ಲವರು ಎಂದರೆ ನೆರೆಯವರೋ ಸ್ನೇಹಿತರೋ ಜೊತೆಯಲ್ಲಿ ಕೆಲಸ ಮಾಡಿದವರೋ. ಕೌಂಟರಿನ ಆಚೆ ಈಚೆ ನಿಂತು ಕಂಡ ಪರಿಚಯ ಸಾಲದು. ನನ್ನ ಗಿರಾಕಿಗಳಿಗೆ ನಾನೇ ಸಹಿ ಹಾಕುವ ಹಾಗಿಲ್ಲದ್ದೂ ಇದಕ್ಕೇ. ರಕ್ತಸಂಬಂಧಿಗಳು, ಮದುವೆಯಿಂದಾದ ನೆಂಟರು, ಒಂದೇ ಮನೆಯಲ್ಲಿರುವವರು ಆಗದು. ಡಾಕ್ಟರಾದರೆ, ರೋಗಿ ಎಂದಷ್ಟೇ ಅಲ್ಲ, ಸ್ನೇಹಿತರಾಗಿ ಚೆನ್ನಾಗಿ ಗೊತ್ತು ಎಂದು ಹೇಳಬೇಕು. ಕಡೆಯದಾಗಿ, ಸಹಿ ಹಾಕುವವರ ಬಳಿಯೂ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇರಬೇಕು.

ಆ ಪಾಸ್‌ಪೋರ್ಟ್ ಬ್ರಿಟನ್ನಿನದೇ ಆಗಬೇಕಿಲ್ಲ ಎಂಬುದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಬ್ರಿಟನ್ನಿನ ಒಳಗಿಂದ ಅರ್ಜಿ ಹಾಕುವವರಿಗೆ ಅಲ್ಲಿನದೋ ಐರ್ಲೆಂಡಿನದೋ ಬೇಕು. ಹೊರದೇಶದಿಂದ ಹಾಕುವವರಿಗೆ ಐರೋಪ್ಯ ಒಕ್ಕೂಟದ್ದು, ಅಮೆರಿಕದ್ದು, ನಮ್ಮ ದೇಶವೂ ಸೇರಿದಂತೆ ಕಾಮನ್‌ವೆಲ್ತ್ ದೇಶಗಳದ್ದು ಎಲ್ಲ ನಡೆಯುತ್ತದೆ. ಭಾರತ ಗಣರಾಜ್ಯವಾಗುವುದಕ್ಕೆ ಮುಂಚೆ, 1949ರಲ್ಲಿ, ಲಂಡನ್ನಿನಲ್ಲಿ ಪ್ರಧಾನಿಗಳೆಲ್ಲ ಕೂತು, ರಾಜನಿಗೆ ನಿಷ್ಠೆ ಹೇಳದೆಯೂ ಕಾಮನ್‌ವೆಲ್ತಿನಲ್ಲಿ ಉಳಿಯಬಹುದು ಎಂದು ಒಪ್ಪಿಕೊಂಡರಲ್ಲ, ಅದರ ಫಲ ಈಗ ಎಸ್.ಎಸ್. ಪುರಂನ ಮನೆಯೊಂದಕ್ಕೆ ಹೀಗೆ ದಕ್ಕುತ್ತದೆ. ನೆಹರೂ ಅವರ ತಲೆಯಲ್ಲಿ ಇದಿದ್ದಿರಲಾರದು.

ಇಷ್ಟು ಸಲೀಸಾಗಿದ್ದರೂ ಜನ ಸಿಗುವುದಿಲ್ಲವಲ್ಲ, ಯಾಕೆ? ಬಂದವರ ಪಾಡು ನೋಡಿ ನೋಡಿ ನನಗೆ ತಿಳಿದಿರುವುದು ಇಷ್ಟು. ಹುಡುಗಿಯನ್ನು ಚಿಕ್ಕಂದಿನಿಂದ ಬಲ್ಲ ಹೈಸ್ಕೂಲ್ ಮೇಷ್ಟ್ರಿಗೆ ಪಾಸ್‌ಪೋರ್ಟೇ ಇಲ್ಲ. ಧರ್ಮಸ್ಥಳ, ತಿರುಪತಿ, ಒಮ್ಮೆ ಕಾಶಿ; ಅದಕ್ಕೆಲ್ಲ ಪಾಸ್‌ಪೋರ್ಟ್ ಯಾಕೆ ಬೇಕು? ಪಾಸ್‌ಪೋರ್ಟ್ ಇರುವ ಲೆಕ್ಚರರು ಸೋದರತ್ತೆಯ ಮಗ. ನಮ್ಮಲ್ಲಿ ಒಬ್ಬರನ್ನು ಚೆನ್ನಾಗಿ ಬಲ್ಲವರು ಎಂದರೆ ಅರ್ಧಕ್ಕರ್ಧ ನೆಂಟರೇ ಆಗಿರುತ್ತಾರೆ, ಸ್ವಲ್ಪ ಕೆದಕಿದರೆ ಉಳಿದರ್ಧವೂ ಯಾವುದೋ ಕಡೆಯಿಂದ ಸಂಬಂಧ ಬೀಳುತ್ತಾರೆ. ಮಗುವಿನ ಈಗಿನ ಶಾಲೆಯ ಮಿಸ್ಸಿಗೆ ತಾಯಿಯ ಪರಿಚಯ ಹೋದ ಜೂನಿನಿಂದ. ಇವರನ್ನೆಲ್ಲ ಬಿಟ್ಟರೆ ಉಳಿಯುವವರು ನೀವು: ಮಗಳ ಬಾಣಂತನಕ್ಕೆ ದುಬೈಗೋ, ಮಗನ ಮನೆಗೆ ಅಮೆರಿಕಕ್ಕೋ ಹೋಗಿಬಂದು, ಈಗ ಬೆಳಿಗ್ಗೆ ಅಮಾನಿಕೆರೆ ಏರಿ ಮೇಲೆ ವಾಕಿಂಗ್ ಮಾಡುವವರು. ಕೆಲಸ ಸರಿಯಾದದ್ದು, ಪರಿಚಯ ಹಳೆಯದು, ಪಾಸ್‌ಪೋರ್ಟ್ ಬೀರುವಿನಲ್ಲಿದೆ. ಆದರೂ ನೀವು ಒಲ್ಲೆ ಎನ್ನುತ್ತೀರಿ.

ಒಲ್ಲೆ ಎನ್ನುವಾಗ ನೀವು ಆಡುವ ಮಾತು ಒಂದೇ: 'ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ ತಲೆಗೆ ಬರಲ್ವೇನಪ್ಪಾ?'

ಆ ಭಯ ಎಲ್ಲಿಂದ ಬಂತೆಂದು ಗೊತ್ತು, ಅದನ್ನು ಹಗುರ ಮಾಡಲಾರೆ. ಕೋಆಪರೇಟಿವ್ ಸೊಸೈಟಿಯ ಸಾಲಕ್ಕೆ ಸ್ನೇಹಿತನಿಗೆಂದು ಸಹಿ ಹಾಕಿ, ಅವನು ಊರು ಬಿಟ್ಟ ಮೇಲೆ ತಮ್ಮ ಸಂಬಳದಲ್ಲಿ ಕಂತು ಕಟ್ಟಿಸಿಕೊಂಡವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಕೋರ್ಟಿನಲ್ಲಿ ಶ್ಯೂರಿಟಿ ನಿಲ್ಲಲು ಪಹಣಿ ಕೊಟ್ಟು, ಆರೋಪಿ ತಪ್ಪಿಸಿಕೊಂಡಾಗ ಜಮೀನಿನ ಚಿಂತೆಯಲ್ಲಿ ನಿದ್ದೆಗೆಟ್ಟವರ ಅರ್ಜಿಗಳನ್ನೂ ಟೈಪ್ ಮಾಡಿದ್ದೇನೆ. 1872ರ ಕರಾರು ಕಾಯ್ದೆಯ 128ನೇ ಕಲಮು ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸಮ ಎಂದೇ ಹೇಳುತ್ತದೆ. ಅಂಥ ಸಹಿಗೆ ನೀವು ಹೆದರಿದರೆ ನಾನೂ ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ.

ಪಾಸ್‌ಪೋರ್ಟ್ ಅರ್ಜಿಯ ಸಹಿ ಆ ಜಾತಿಯದಲ್ಲ. ಅದರಲ್ಲಿ ನೀವು ಹೇಳುವುದು, ಈ ತಾಯಿ ನನಗೆ ಇಷ್ಟು ವರ್ಷದಿಂದ ಗೊತ್ತು, ಫೋಟೋದಲ್ಲಿರುವ ಮಗು ಅವಳು ಹೇಳುವ ಮಗುವೇ, ಎಂಬುದನ್ನು. ಆ ಮಗು ದೊಡ್ಡದಾಗಿ ಏನು ಮಾಡಿತು, ತಾಯಿ ಅಲ್ಲಿ ತೆರಿಗೆ ಕಟ್ಟಿದಳೋ ಇಲ್ಲವೋ, ವಿಮಾನದ ಟಿಕೆಟ್ ದುಡ್ಡು ಯಾರದು, ಇದ್ಯಾವುದೂ ನಿಮ್ಮ ಕೊರಳಿಗೆ ಬರುವುದಿಲ್ಲ. ನಿಮ್ಮ ಹೊಣೆ ನೀವು ಬರೆದದ್ದು ನಿಜವಾಗಿರಬೇಕು ಎಂಬಷ್ಟಕ್ಕೆ ಮುಗಿಯುತ್ತದೆ. ಗೊತ್ತಿದ್ದೂ ಸುಳ್ಳು ಬರೆದರೆ ಅದು ಅಪರಾಧ. 1925ರ ಅವರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯಲ್ಲಿ ಪಾಸ್‌ಪೋರ್ಟಿಗಾಗಿ ಸುಳ್ಳು ಹೇಳಿಕೆ ಕೊಡುವುದಕ್ಕೆಂದೇ ಒಂದು ಕಲಮಿದೆ. ನಿಜ ಬರೆದವರಿಗೆ ಅದರ ಬಿಸಿ ತಟ್ಟುವುದಿಲ್ಲ.

ಇನ್ನೊಂದು ನನಗೆ ಅರ್ಥವೇ ಆಗದ ಸಂಗತಿ. ಪಕ್ಕದ ಮನೆಯವರ ನಮ್ಮದೇ ದೇಶದ ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಷನ್ ಎಂದು ಕಾನ್‌ಸ್ಟೇಬಲ್ ಬಂದು ಗೇಟಿನ ಹತ್ತಿರ ನಿಂತು, 'ಸಾರ್, ಸಾಕ್ಷಿಗೆ ಒಂದ್ ಸೈನ್' ಎಂದರೆ ಗೇಟಿನ ಮೇಲೇ ಪೇಪರ್ ಇಟ್ಟು, ಕನ್ನಡಕ ಕೂಡ ಹಾಕದೆ ಸಹಿ ಗೀಚುತ್ತೀರಿ. ಅಲ್ಲಿ ಏನು ಬರೆದಿತ್ತು ಎಂದು ಸಂಜೆ ಕೇಳಿದರೆ ಹೇಳಲಾರಿರಿ. ಇಲ್ಲಿ ಎಲ್ಲವನ್ನೂ ಓದಿ, ಗೊತ್ತಿದ್ದರೆ ಮಾತ್ರ ಸಹಿ ಹಾಕಿ ಎನ್ನುವ ಫಾರಂ ಕಂಡರೆ ಬೆವರುತ್ತೀರಿ. ಖಾಕಿ ಎದುರಿಗಿದ್ದರೆ ಧೈರ್ಯ ಬರುತ್ತದೋ ಏನೋ!

ನಿಮ್ಮಲ್ಲಿ ವಯಸ್ಸಾದವರಿಗೆ ಗೆಜೆಟೆಡ್ ಆಫೀಸರ ಹಸಿರು ಇಂಕಿನ ಕಾಲ ನೆನಪಿರುತ್ತದೆ. ಮಾರ್ಕ್ಸ್ ಕಾರ್ಡಿನ ಟ್ರೂ ಕಾಪಿಗೆ ಸೀಲು ಹಾಕಿಸಲು ಜೂನ್ ಬಂತೆಂದರೆ ಸರ್ಕಾರಿ ಕಾಲೇಜಿನ ಲೆಕ್ಚರರ ಮನೆಮುಂದೆ ಹುಡುಗರ ಸಾಲು. ಗುರುತು ಪರಿಚಯವಿಲ್ಲದಿದ್ದರೂ ಒರಿಜಿನಲ್ ನೋಡಿ ಸಹಿ ಹಾಕುತ್ತಿದ್ದರು. ಕೆಲವರು ಒರಿಜಿನಲ್ಲೂ ನೋಡುತ್ತಿರಲಿಲ್ಲ, ಹುಡುಗನ ಮುಖ ನೋಡಿ ಸೀಲು ಒತ್ತುತ್ತಿದ್ದರು. 2014ರ ಸುಮಾರಿಗೆ ಸ್ವಯಂ ದೃಢೀಕರಣ ಬಂದು ಆ ಸಾಲು ಕರಗಿತು. ನಮ್ಮ ಪಾಸ್‌ಪೋರ್ಟಿನ ಅನುಬಂಧಗಳಿಗೆ ನೋಟರಿ ಸಹಿ ಬೇಕಿಲ್ಲ, ಬಿಳಿ ಹಾಳೆಯ ಮೇಲೆ ನೀವೇ ಬರೆದುಕೊಟ್ಟರೆ ಸಾಕು ಎಂದು 2016ರ ಡಿಸೆಂಬರಿನಲ್ಲಿ ಆಯಿತು. ತತ್ಕಾಲಿಗೆ ದೊಡ್ಡ ಅಧಿಕಾರಿಯ ವೆರಿಫಿಕೇಷನ್ ಸರ್ಟಿಫಿಕೇಟ್ ಬೇಕೆನ್ನುತ್ತಿದ್ದದ್ದೂ ಹೋಯಿತು. ಒಳ್ಳೆಯದೇ ಆಯಿತು, ಬೇಸರವೇನಿಲ್ಲ. ಆದರೆ ಇನ್ನೊಬ್ಬರಿಗಾಗಿ ಸಹಿ ಹಾಕುವ ಅಭ್ಯಾಸ ತಪ್ಪಿ, ಈಗ ಯಾರಾದರೂ ಕೇಳಿದರೆ 'ಎಲ್ಲಾ ಸೆಲ್ಫ್ ಅಟೆಸ್ಟೇಷನ್ ಆಗಿದೆಯಲ್ಲಮ್ಮಾ, ನೀನೇ ಹಾಕ್ಕೋ' ಎಂದು ಸಲಹೆ ಕೊಡುವ ಮಟ್ಟಕ್ಕೆ ಬಂದಿದ್ದೀರಿ. ಅವಳು ತನ್ನನ್ನು ತಾನೇ ಬಲ್ಲೆ ಎಂದು ಬರೆದುಕೊಂಡರೆ ಬ್ರಿಟನ್ನಿನವರು ಒಪ್ಪುವುದಿಲ್ಲ.

ಕೋರ್ಟಿನ ಮುಂದೆ ನೋಟರಿ ಮಾಡಿಸಿಕೊಂಡು ಬಂದವರೂ ಇದ್ದಾರೆ. ಕೆಂಪು ಸೀಲು, ಸ್ಟಾಂಪು, ರಿಜಿಸ್ಟರ್ ನಂಬರು, ನೋಡಲು ಭರ್ಜರಿ. ದುಡ್ಡು ದಂಡ. ಆ ನೋಟರಿಗೆ ಈ ತಾಯಿ ಯಾರೆಂದೇ ತಿಳಿಯದು. ಅವರ ಸಹಿ ಹೇಳುವುದು ಇವರು ನನ್ನೆದುರು ಸಹಿ ಮಾಡಿದರು ಎಂದು. ಕೇಳಿದ್ದು ಇವರನ್ನು ಬಲ್ಲೆ ಎಂಬ ಮಾತನ್ನು.

ಕೊನೆಗೆ ಒಂದು ಮನೆಗೆ ಸಹಿ ಸಿಕ್ಕಿತು, ಅದು ಹೇಗೆಂದು ಹೇಳಬೇಕು. ಒಬ್ಬ ಬ್ಯಾಂಕಿನವರು, ಒಬ್ಬ ಎಂಜಿನಿಯರು ಜಾರಿಕೊಂಡ ಮೇಲೆ, ಆ ತಾಯಿಯ ತವರುಮನೆಯ ಎದುರುಗಡೆ ಇರುವ ನರ್ಸಮ್ಮನ ನೆನಪಾಯಿತು. ಸೌದಿಯ ಆಸ್ಪತ್ರೆಯೊಂದರಲ್ಲಿ ಬಹಳ ಕಾಲ ದುಡಿದು ನಿವೃತ್ತರಾದವರು. ನೋಂದಾಯಿತ ನರ್ಸ್ ಪಟ್ಟಿಯಲ್ಲಿದ್ದಾರೆ, ನಿವೃತ್ತರಾದರೂ ನಡೆಯುತ್ತದೆ, ಪಾಸ್‌ಪೋರ್ಟ್ ಚಾಲ್ತಿಯಲ್ಲಿದೆ. ಅವರನ್ನು ಯಾರೂ ಮೊದಲು ನೆನೆಯಲಿಲ್ಲ, ಯಾಕೆಂದರೆ ಸಹಿ ಅಂದ ಕೂಡಲೇ ನಮ್ಮ ಕಣ್ಣು ಹೋಗುವುದು ನೇಮ್‌ಪ್ಲೇಟ್ ಇರುವ ಗೇಟಿನ ಕಡೆಗೆ.

ಆಕೆ ಅಂಗಡಿಗೇ ಬಂದರು. ಫಾರಂ ಪೂರ್ತಿ ಓದಿದರು. ಆಮೇಲೆ ಫೋಟೋ ಕೈಗೆತ್ತಿಕೊಂಡು, ಮಗುವನ್ನು ಬೆಳಕಿಗೆ ನಿಲ್ಲಿಸಿ, ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದರು. 'ಇವನ ಎಡಗೆನ್ನೆ ಮೇಲೆ ಮಚ್ಚೆ ಇದೆಯಲ್ಲ, ಫೋಟೋದಲ್ಲಿ ಎಲ್ಲಮ್ಮಾ?' ಎಂದರು. ನಾವೆಲ್ಲ ಬಗ್ಗಿ ನೋಡಿದೆವು. ಸ್ಟುಡಿಯೋದವನು ಅಭಿಮಾನದಿಂದ ಮಚ್ಚೆ ಅಳಿಸಿ, ಬಣ್ಣವನ್ನೂ ಒಂದು ಸುತ್ತು ಬೆಳ್ಳಗೆ ಮಾಡಿ ಕೊಟ್ಟಿದ್ದ. ನಮ್ಮ ಊರಿನ ಸ್ಟುಡಿಯೋಗಳಲ್ಲಿ ಇದಕ್ಕೆ ಹೇಳುವುದೂ ಬೇಕಿಲ್ಲ, ಕೇಳುವುದೂ ಬೇಕಿಲ್ಲ, ತಾನಾಗಿ ಆಗಿಬಿಡುತ್ತದೆ. ತಿದ್ದಿದ ಫೋಟೋ ಬ್ರಿಟನ್ನಿನವರಿಗೆ ಆಗದು. ಒಂದು ತಿಂಗಳೊಳಗೆ ತೆಗೆದದ್ದಿರಬೇಕು, ಹಿಂದಿನ ಬಣ್ಣ ತಿಳಿಯಾಗಿರಬೇಕು. ಆಕೆ, 'ನಾನು ನೋಡಿರೋ ಹುಡುಗ ಇವನು, ಫೋಟೋದಲ್ಲಿರೋನಿಗೆ ನಾನು ಸೈನ್ ಹಾಕಲ್ಲ' ಎಂದು ಪೆನ್ನು ಕೆಳಗಿಟ್ಟರು. ಮತ್ತೆ ಸ್ಟುಡಿಯೋಗೆ ಹೋಗಿ, ಮಚ್ಚೆ ಸಮೇತ ತೆಗೆಸಿಕೊಂಡು ಬರಬೇಕಾಯಿತು.

ಫೋಟೋ ಹಿಂಬದಿ ಬರೆಯುವುದೂ ಒಂದು ಕಸರತ್ತು. ಎರಡು ಪ್ರಿಂಟಿನಲ್ಲಿ ಒಂದರ ಬೆನ್ನಿಗೆ, ಇದು ಇಂಥವರ ನಿಜವಾದ ಚಿತ್ರವೆಂದು ದೃಢೀಕರಿಸುತ್ತೇನೆ ಎನ್ನುವ ಅರ್ಥದ ಸಾಲನ್ನು ಇಂಗ್ಲಿಷಿನಲ್ಲಿ ಬರೆದು, ಮಗುವಿನ ಪೂರ್ತಿ ಹೆಸರು ಹಾಕಿ, ಸಹಿ ಮತ್ತು ತಾರೀಕು ಹಾಕಬೇಕು. ಅಗಲ 35 ಮಿಲಿಮೀಟರ್, ಎತ್ತರ 45. ನಮ್ಮ ಹೆಸರುಗಳೋ, ಊರು, ತಂದೆ, ಮನೆತನ ಎಲ್ಲ ಸೇರಿ ಒಂದು ಸಾಲಿಗೆ ಹಿಡಿಯುವುದಿಲ್ಲ. ಜೆಲ್ ಪೆನ್ನು ಆ ನುಣುಪು ಕಾಗದದ ಮೇಲೆ ಒಣಗದೆ ಹರಡಿಕೊಳ್ಳುತ್ತದೆ. ಬಾಲ್‌ಪೆನ್ನು ಒತ್ತಿದರೆ ಮುಂದುಗಡೆ ಮುಖದ ಮೇಲೆ ಗೀರು ಮೂಡುತ್ತದೆ. ಸಣ್ಣ ಮೊನೆಯ ಮಾರ್ಕರ್ ಇಟ್ಟುಕೊಂಡಿದ್ದೇನೆ, ಗಾಜಿನ ಮೇಲಿಟ್ಟು ಬರೆದರೆ ಅಚ್ಚುಕಟ್ಟಾಗಿ ಬರುತ್ತದೆ. ಇದನ್ನು ನಿಮಗೆ ಉಚಿತವಾಗಿ ಒದಗಿಸುತ್ತೇನೆ!

ಇನ್ನು ನಿಮ್ಮ ಇನ್ನೊಂದು ಅಳುಕು, ಪಾಸ್‌ಪೋರ್ಟ್ ನಂಬರ್ ಬರೆಯಬೇಕಲ್ಲ ಎಂಬುದು. ಡಿಜಿಟಲ್ ಅರೆಸ್ಟ್, ಕೊರಿಯರ್ ವಂಚನೆ ಎಂದು ದಿನಾ ಕೇಳುತ್ತಿರುವಾಗ ಅನುಮಾನ ಬರುವುದು ಸಹಜ. ನಂಬರನ್ನು ನೀವೇ ನಿಮ್ಮ ಕೈಯಾರೆ ಫಾರಮ್ಮಿನಲ್ಲಿ ಬರೆಯಿರಿ. ಪಾಸ್‌ಪೋರ್ಟಿನ ಜೆರಾಕ್ಸನ್ನು ನನ್ನಂಥ ಅಂಗಡಿಯವನ ಹತ್ತಿರವೂ ಬಿಡಬೇಡಿ, ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ. ಅವರ ಕಚೇರಿಯಿಂದ ಪರಿಶೀಲನೆಗೆಂದು ನಿಮ್ಮನ್ನು ಸಂಪರ್ಕಿಸಬಹುದು. ಆಗ ನೀವು ಅದು ಯಾರದೋ ವಂಚನೆ ಎಂದು ಕಡೆಗಣಿಸಿದರೆ ಅರ್ಜಿ ಅಲ್ಲೇ ಕೂತುಬಿಡುತ್ತದೆ. ಆ ತಾಯಿಗೆ ಫೋನ್ ಮಾಡಿ ಕೇಳಿಕೊಂಡು ಉತ್ತರಿಸಿ. ಒಟಿಪಿ, ಬ್ಯಾಂಕ್ ಖಾತೆ, ದುಡ್ಡು ಎಂದು ಯಾರಾದರೂ ಬಾಯಿಬಿಟ್ಟರೆ ಅವರು ಪಾಸ್‌ಪೋರ್ಟಿನವರಲ್ಲ, ಫೋನ್ ಇಟ್ಟುಬಿಡಿ.

ಈ ಪತ್ರ ಓದಿ ಉತ್ಸಾಹ ಬಂದು, ಕೇಳಿದವರಿಗೆಲ್ಲ ಸಹಿ ಹಾಕುವವರೂ ಹುಟ್ಟಬಹುದು. ಅದು ಇನ್ನೂ ಕೆಟ್ಟದ್ದು. ಎಂ.ಎಲ್.ಎ. ಕಡೆಯವರು ಹೇಳಿಸಿದರೆಂದೋ, ನೆಂಟರ ನೆಂಟರೆಂದೋ, ಮೊನ್ನೆ ಪರಿಚಯವಾದ ಹುಡುಗಿಯನ್ನು ಐದು ವರ್ಷದಿಂದ ಬಲ್ಲೆ ಎಂದು ಬರೆಯಬೇಡಿ. ಮಗುವನ್ನು ಕರೆದುಕೊಂಡು ಬಾ ಎನ್ನಿ, ಎದುರಿಗೆ ಕೂರಿಸಿಕೊಂಡು ಫೋಟೋ ನೋಡಿ. ತಂದೆ ತಾಯಿ ಬೇರೆಯಾಗಿ ಮಗುವಿಗಾಗಿ ಜಗಳ ನಡೆದಿರುವುದು ನಿಮಗೆ ಗೊತ್ತಿದ್ದರೆ, ಎರಡು ಸಲ ಯೋಚಿಸಿ. ಈ ಸಹಿಯನ್ನು ಕೇಳುವುದೇ ಒಂದು ಮಗುವಿನ ಹೆಸರಲ್ಲಿ ಇನ್ನೊಂದು ಮಗು ಗಡಿ ದಾಟಬಾರದು ಎಂದು.

ಬ್ರಿಟನ್ನಿನ ಪಾಸ್‌ಪೋರ್ಟ್ ಕಚೇರಿಯವರಿಗೂ ಒಂದು ಮಾತು ಹೇಳಬೇಕೆನಿಸುತ್ತದೆ, ಕನ್ನಡ ಓದುವವರು ಅಲ್ಲಿ ಯಾರಾದರೂ ಇದ್ದರೆ ತಲುಪಿಸಲಿ. ನಿಮ್ಮ ಪಟ್ಟಿಯಲ್ಲಿ ಪಬ್ಬಿನ ಪರವಾನಗಿ ಇರುವವರು, ಶವಸಂಸ್ಕಾರ ನಡೆಸಿಕೊಡುವವರು, ಫೋಟೋಗ್ರಾಫರು ಎಲ್ಲ ಇದ್ದಾರೆ. ನಮ್ಮ ಬಿ.ಎಚ್. ರಸ್ತೆಯ ಬಾರ್ ಓನರು ಸಹಿ ಹಾಕಿದರೆ ನಿಮಗೆ ಸರಿಯಾಗಬಹುದು, ಮಗುವಿನ ಅಜ್ಜಿ ಒಪ್ಪಬೇಕಲ್ಲ! ಕಾಮನ್‌ವೆಲ್ತ್ ಪಾಸ್‌ಪೋರ್ಟನ್ನು ಒಪ್ಪಿದ ಉದಾರತೆ ದೊಡ್ಡದು. ಆದರೆ ಇಲ್ಲಿ ಊರಿಗೆಲ್ಲ ಬೇಕಾದ, ಮೂರು ತಲೆಮಾರನ್ನು ಹೆಸರು ಹಿಡಿದು ಕರೆಯಬಲ್ಲ ಮೇಷ್ಟ್ರ ಬಳಿ ಪಾಸ್‌ಪೋರ್ಟ್ ಇರುವುದಿಲ್ಲ. ಅಂಥವರ ಆಧಾರನ್ನೋ ಪೆನ್ಷನ್ ಪುಸ್ತಕವನ್ನೋ ಒಪ್ಪಲು ದಾರಿಯಿದೆಯೇ ಎಂದು ನೋಡಿ.

ಇದು ಬ್ರಿಟನ್ನಿನ ಮಕ್ಕಳಿಗೆ ಮಾತ್ರ ಬಂದದ್ದಲ್ಲ. ಆಸ್ಟ್ರೇಲಿಯಾದ ಅರ್ಜಿಗೂ ನೆಂಟರಲ್ಲದ ಒಬ್ಬರ ಸಹಿ ಬೇಕು, ಅಲ್ಲಿ ದೊಡ್ಡವರಿಗೆ ಒಂದು ವರ್ಷದ ಪರಿಚಯ ಸಾಕು. ಅಮೆರಿಕದವರಿಗೆ ಈ ರಗಳೆಯಿಲ್ಲ. ಬದಲಿಗೆ 16ರೊಳಗಿನ ಮಗುವಿಗೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರೂ ಹಾಜರಾಗಬೇಕು. ಒಂದಲ್ಲ ಒಂದು ದೇಶದ ಫಾರಂ ನಿಮ್ಮ ಬೀದಿಗೂ ಬಂದೇ ಬರುತ್ತದೆ. ಬರುವುದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಬೀರು ತೆಗೆದು ನಿಮ್ಮ ಪಾಸ್‌ಪೋರ್ಟಿನ ಅವಧಿ ಎಂದು ಮುಗಿಯುತ್ತದೆ ನೋಡಿ. ಮುಗಿದಿದ್ದರೆ ನವೀಕರಿಸಿಕೊಳ್ಳಿ. ಎದುರುಮನೆಯವರ ಮಗಳು ಇಂಗ್ಲೆಂಡಿನಿಂದ ಬಂದಿದ್ದಾಳೆ ಎಂದು ಕೇಳಿದ್ದರೆ ಹೋಗಿ ಮಾತಾಡಿಸಿ, ಮಗುವಿನ ಮುಖ ನೋಡಿಕೊಂಡು ಬನ್ನಿ. ಫಾರಮ್ಮಿನ ನಿಮ್ಮ ಭಾಗ ಹೇಗಿರುತ್ತದೆ ಎಂದು ಮೊದಲೇ ಓದಿಕೊಳ್ಳಬೇಕೆನ್ನುವವರು ಅಂಗಡಿಗೆ ಬನ್ನಿ, ಪ್ರಿಂಟ್ ತೆಗೆದುಕೊಡುತ್ತೇನೆ. ಭಾನುವಾರ ಮಧ್ಯಾಹ್ನದವರೆಗೆ ಬಾಗಿಲು ತೆಗೆದಿರುತ್ತದೆ, ಕರೆಂಟ್ ಇದ್ದರೆ.

ಇಂತಿ ನಿಮ್ಮ,
ತುಮಕೂರಿನ ಒಬ್ಬ ಅರ್ಜಿ ಬರೆಯುವವನು